ಹಳದಿ ಚುಕ್ಕೆಯ ಕಾವಲು

ಹಸಿರು ಬಣ್ಣವನ್ನು ನಾನು ನಂಬುವುದಿಲ್ಲ. ಗುಡ್ಡದ ಹಸಿರು, ಗದ್ದೆಯ ಹಸಿರು ಅಲ್ಲ. ಗೋವೆಯಲ್ಲಿದ್ದುಕೊಂಡು ಅದನ್ನು ನಂಬದಿದ್ದರೆ ಕಣ್ಣು ಮುಚ್ಚಿಕೊಂಡೇ ತಿರುಗಬೇಕಾದೀತು. ನಾನು ಹೇಳುತ್ತಿರುವುದು ಕಂಪ್ಯೂಟರ್ ಪರದೆಯ ಮೇಲೆ ಸಾಸಿವೆಯಷ್ಟಗಲ ಇರುವ ಹಸಿರು ಚುಕ್ಕೆಯ ಮಾತು. ಎಲ್ಲವೂ ಸರಿಯಾಗಿದೆ ಎಂದು ಹೇಳುವುದಷ್ಟೇ ಅದರ ಕೆಲಸ. ಆದರೆ ಎಲ್ಲವೂ ಸರಿಯಾಗಿದೆ ಎಂದು ಯಾರಾದರೂ ಹೇಳಿದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಡಾಕ್ಟರರು ಹೇಳಿದರೂ ಅಷ್ಟೆ, ಬಸ್ಸಿನ ಕಂಡಕ್ಟರ್ ಹೇಳಿದರೂ ಅಷ್ಟೆ. ಇಷ್ಟು ಸರಿಯಾಗಿದೆ ಅಂದ ಮೇಲೆ ಎಲ್ಲೋ ಏನೋ ತಪ್ಪಿರಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ದುರ್ದೈವಕ್ಕೆ ಇಂಥ ಮನುಷ್ಯನಿಗೆ ಚುಕ್ಕೆಗಳನ್ನು ನೋಡುವುದೇ ಹೊಟ್ಟೆಪಾಡಾಗಿದೆ. ಪಣಜಿಯ ಒಂದು ಚಿಕ್ಕ ಕಂಪನಿಯಲ್ಲಿ ನನ್ನ ನೌಕರಿ. ಹೋಟೆಲುಗಳ ಕೋಣೆ, ನದಿಯ ಮೇಲಿನ ದೋಣಿವಿಹಾರ ಇವುಗಳ ಬುಕಿಂಗ್ ನಡೆಸುವ ಪ್ರೋಗ್ರಾಮುಗಳು ನಮ್ಮಲ್ಲಿವೆ. ಅವುಗಳನ್ನು ಕಂಟೇನರುಗಳಲ್ಲಿ ಇಟ್ಟು ನಡೆಸುತ್ತೇವೆ. ಸಡಾದಲ್ಲಿರುವ ನಮ್ಮ ಕಾಕಾ ಬಂದರಿನ ಪಕ್ಕದಲ್ಲೇ ಹತ್ತಾರು ವರ್ಷ ಕಳೆದವರು; ಅವರ ದೃಷ್ಟಿಯಲ್ಲಿ ನಾನು ಹಡಗಿನ ಮಾಲು ಇಳಿಸುವ ಸಾಹೇಬ. ತಿದ್ದಲು ಹೋಗಿ ಸೋತಿದ್ದೇನೆ. ನಿಮಗಾದರೆ ಸರಳವಾಗಿ ಹೇಳುತ್ತೇನೆ: ಅದು ಬುತ್ತಿ ಕಟ್ಟುವ ಕೆಲಸ. ದೂರದ ಊರಿಗೆ ಹೊರಟವರಿಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿಕೊಡುತ್ತಾರಲ್ಲ, ಗಂಟು ಎಲ್ಲಿ ಬಿಚ್ಚಿದರೂ ಊಟ ಆಗುತ್ತದೆ. ಯಾರ ಮನೆಯ ಉಪ್ಪನ್ನೂ ಬೇಡಬೇಕಿಲ್ಲ. ಪ್ರೋಗ್ರಾಮಿಗೆ ಬೇಕಾದ ಸಾಮಾನನ್ನೆಲ್ಲ ಅದರ ಜೊತೆಗೇ ಕಟ್ಟಿಬಿಟ್ಟರೆ ಅದು ಕಂಟೇನರು. ಇಂಥ ಬುತ್ತಿಗಳನ್ನು ತಮ್ಮಲ್ಲಿ ಹಂಚಿಕೊಂಡು ದುಡಿಯುವ ಯಂತ್ರಗಳ ಕೂಡುಕುಟುಂಬವೇ ಕ್ಲಸ್ಟರು. ಕೂಡುಕುಟುಂಬವೆಂದ ಮೇಲೆ ಯಾರಿಗೋ ಜ್ವರ, ಯಾರದೋ ಮುನಿಸು ಇದ್ದದ್ದೇ. ಒಂದು ಬುತ್ತಿ ಹಳಸಿತೆಂದರೆ ಅಂಥದೇ ಇನ್ನೊಂದನ್ನು ತಂದಿಡಬೇಕು, ಉಣ್ಣುವವರಿಗೆ ಗೊತ್ತಾಗದ ಹಾಗೆ.

ಇದನ್ನೆಲ್ಲ ಒಂದೇ ಕಿಟಕಿಯಲ್ಲಿ ತೋರಿಸುವ ಒಂದು ಸಾಧನ ನನ್ನ ಲ್ಯಾಪ್‌ಟಾಪಿನಲ್ಲಿದೆ. ಮೊದಲೆಲ್ಲ ಕಪ್ಪು ಪರದೆಯ ಮೇಲೆ ಉದ್ದುದ್ದ ಆಜ್ಞೆಗಳನ್ನು ಕುಟ್ಟಿ ಯಾರು ಬದುಕಿದ್ದಾರೆ, ಯಾರು ಮಲಗಿದ್ದಾರೆ ಎಂದು ಕೇಳಬೇಕಾಗಿತ್ತು. ಈಗ ಚುಕ್ಕೆಗಳಿವೆ. ಹಸಿರೆಂದರೆ ಕ್ಷೇಮ, ಹಳದಿಯೆಂದರೆ ಸ್ವಲ್ಪ ತಾಳು, ಕೆಂಪೆಂದರೆ ಓಡಿ ಬಾ. ಈ ಸಾಧನಕ್ಕೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಬಂದಾಗ ತೆರೆದ ಕೂಡಲೇ 'ಹೊಸದೇನಿದೆ' ಎಂಬ ಪುಟ್ಟ ಪುಟ ಎದುರು ನಿಲ್ಲುತ್ತದೆ. ನನ್ನ ಸಹೋದ್ಯೋಗಿಗಳು ಅದನ್ನು ಓದದೆ ಮುಚ್ಚುತ್ತಾರೆ. ನಾನು ಮಾತ್ರ ಯುಗಾದಿಯ ದಿನ ನಮ್ಮ ಅಪ್ಪ ಪಂಚಾಂಗ ಕೇಳುತ್ತಿದ್ದ ಭಕ್ತಿಯಲ್ಲಿ ಓದುತ್ತೇನೆ. ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಎಂದು ಪುರೋಹಿತರು ಓದುವಾಗ ಅಪ್ಪ ಬೆಲ್ಲಕ್ಕಿಂತ ಬೇವನ್ನೇ ನಿರೀಕ್ಷಿಸುತ್ತಿದ್ದರು. ಮಳೆ ಚಲೋ ಆಗುತ್ತದೆ ಎಂದರೆ, ಹಾಗಾದರೆ ಕೆರೆ ಒಡೆಯಬಹುದೇ ಎಂದು ಕೇಳುತ್ತಿದ್ದರು. ನನ್ನ ಈ ಗುಣ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ಈ ಸಲದ ಆವೃತ್ತಿ ಭಾರಿಯದು. ಬೇರೆ ಬೇರೆ ಕಡೆಯ ಕ್ಲಸ್ಟರುಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಹರಡಿ ತೋರಿಸುತ್ತದೆ. ಪ್ರತಿ ಕಂಟೇನರಿನ ಪಕ್ಕದಲ್ಲಿ ನಾಡಿ ಬಡಿದಂತೆ ಒಂದು ಸಣ್ಣ ಗೆರೆ ಏರಿಳಿಯುತ್ತದೆ. ಏನಾದರೂ ಬದಲಿಸಲು ಹೋದರೆ, ಹೀಗೆ ಮಾಡಿದರೆ ಹೀಗಾಗುತ್ತದೆ, ನೋಡಿಕೋ ಎಂದು ಮೊದಲೇ ತೋರಿಸುತ್ತದೆ. ಇಂಥ ಸೌಲಭ್ಯ ಮನುಷ್ಯರ ಬಾಯಿಗೂ ಇದ್ದಿದ್ದರೆ ಎಷ್ಟೋ ಸಂಸಾರಗಳು ನೆಟ್ಟಗಿರುತ್ತಿದ್ದವು. ಕೆಟ್ಟ ಬದಲಾವಣೆಯನ್ನು ಹಿಂದಕ್ಕೆ ಒಯ್ಯಲು ಒಂದು ಬಟನ್ ಇದೆ. ಎಲ್ಲಕ್ಕಿಂತ ದೊಡ್ಡದೆಂದರೆ, ಬಿದ್ದ ಕಂಟೇನರಿನ ಬದಲು ಇನ್ನೊಂದನ್ನು ಎಬ್ಬಿಸುವುದಷ್ಟೇ ಅಲ್ಲ, ಯಾಕೆ ಬಿತ್ತು, ತಾನೇನು ಮಾಡಿದೆ ಎಂಬುದನ್ನೆಲ್ಲ ಸಾಧನ ತಾನೇ ಸರಳ ಮಾತಿನಲ್ಲಿ ಬರೆದಿಡುತ್ತದೆ. ಕೊನೆಯ ಸಾಲಿನಲ್ಲಿ 'ನೀವು ಏನೂ ಮಾಡಬೇಕಾಗಿಲ್ಲ' ಎಂದಿರುತ್ತದೆ.

ಆ ಕೊನೆಯ ಸಾಲು ನನ್ನ ನೆಮ್ಮದಿ ಕೆಡಿಸಿತು. ಏನೂ ಮಾಡಬೇಕಾಗಿಲ್ಲ ಎಂದರೆ ಏನರ್ಥ? ಹಾಗಾದರೆ ನಾನು ಯಾಕೆ? ಹೊಸ ಆವೃತ್ತಿಯಲ್ಲಿ ಗದ್ದಲದ ಸೂಚನೆಗಳನ್ನು ಅಡಗಿಸಿ, ನಿಜಕ್ಕೂ ಅಗತ್ಯವಿದ್ದಾಗ ಮಾತ್ರ ಕರೆಯುವ ಮೌನದ ಏರ್ಪಾಡೂ ಇತ್ತು. ಎಲ್ಲರೂ ಅದನ್ನು ಮೆಚ್ಚಿದರು. ನಾನು ಮೊದಲ ದಿನವೇ ತೆಗೆದುಹಾಕಿದೆ. ಮೌನವಾಗಿರುವ ಮಗು ಗೋಡೆಯ ಮೇಲೆ ಏನೋ ಗೀಚುತ್ತಿದೆ ಎಂದೇ ಲೆಕ್ಕ. ಇನ್ನೊಂದು ಬಟನ್ ಮಾತ್ರ ನನಗಾಗಿಯೇ ಯಾರೋ ಕರುಣಾಳು ಮಾಡಿಟ್ಟಂತಿತ್ತು: ಸಾಧನದ ಸ್ವಂತ ದುರಸ್ತಿಯನ್ನು ತಡೆದು ಕೈಯಿಂದಲೇ ಮಾಡುತ್ತೇನೆ ಎಂದು ಹೇಳುವ ಬಟನ್. ಅದನ್ನು ಒತ್ತುವ ಪ್ರಸಂಗ ಯಾರಿಗೂ ಬರುವುದಿಲ್ಲ ಎಂದು ನನ್ನ ಜೊತೆಗಾರ ಸಾವಿಯೊ ಹೇಳಿದ. ಸಾವಿಯೊ ಮಡಗಾಂವಿನವನು, ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚದವರನ್ನು ಕಂಡರೆ ಮರುಕಪಡುವ ಜಾತಿ. ಅವನ ಚುಕ್ಕೆಗಳು ಹೆಚ್ಚಾಗಿ ಹಸಿರಾಗಿಯೇ ಇರುತ್ತವೆ ಎಂಬುದು ನನಗೆ ಬಹಳ ದಿನಗಳಿಂದ ಸಿಟ್ಟಿನ ವಿಷಯ.

ಹೀಗಿರುವಾಗ ನನ್ನ ತಂಗಿ ಗಿರಿಜಾಳ ಕುಬಸದ ಶಾಸ್ತ್ರ ಬಂತು. ನಮ್ಮ ಕಡೆ ಬಸುರಿಗೆ ತವರಿನವರು ಹಸಿರು ಸೀರೆ, ಕುಬಸ, ಬಳೆ, ಹೂವು ಒಯ್ದು, ಆಕೆಯನ್ನು ಕೂರಿಸಿ ಉಡಿ ತುಂಬಿ, ಆರತಿ ಮಾಡುತ್ತಾರೆ. ತವರಿನ ಕುಬಸ ಬರದೆ ಹೆಣ್ಣುಮಗಳು ಮಣೆ ಏರುವಂತಿಲ್ಲ. ಗಿರಿಜಾಳನ್ನು ಮೊಲೆಂಗೆ ಕೊಟ್ಟಿದೆ. ಅವಳ ಗಂಡ ಬಸವರಾಜ ಹೆದ್ದಾರಿಯ ಬದಿಯಲ್ಲಿ ಖಾನಾವಳಿ ನಡೆಸುತ್ತಾನೆ. ಘಟ್ಟ ಇಳಿದು ಬರುವ ಲಾರಿಯವರಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ಕೇಳುವವರು ಕೇಳುವುದನ್ನೇ ಬಿಟ್ಟ ಮೇಲೆ, ಅವಳಿಗೆ ದಿನ ನಿಂತಿದ್ದವು. ಅಪ್ಪ ಅವ್ವ ಇಬ್ಬರೂ ಈಗಿಲ್ಲ. ಅವಳಿಗೆ ತವರು ಎಂದರೆ ಪಣಜಿಯಲ್ಲಿರುವ ನಮ್ಮ ಎರಡು ಕೋಣೆಯ ಬಾಡಿಗೆ ಮನೆ, ನಾನು, ಮತ್ತು ನನ್ನ ಹೆಂಡತಿ ವೀಣಾ. ಕುಬಸ ಗೊತ್ತಾದ ದಿನ ಅವಳು ಫೋನು ಮಾಡಿ, "ಅಣ್ಣಾ, ಬುಧವಾರ ಹನ್ನೆರಡಕ್ಕ ರಾಹುಕಾಲ ಹತ್ತತೈತಿ. ಅದರೊಳಗ ಕುಂಡ್ರಸಬೇಕಂತ. ನೀ ಲಗೂನ ಬರಬೇಕ ನೋಡು" ಎಂದಿದ್ದಳು. ಬೇರೇನನ್ನೂ ಕೇಳಿರಲಿಲ್ಲ.

ಬುಧವಾರ ರಜೆ ಹಾಕಿದೆ. ಕಾವಲಿಗೆ ಸಾವಿಯೊ ಇದ್ದ. ಬೆಳಿಗ್ಗೆಯೇ ವೀಣಾ ಮಾರುಕಟ್ಟೆಯಿಂದ ಅಬ್ಬಲಿಗೆ, ಮಲ್ಲಿಗೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆ-ಕುಬಸದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಹಿಂದಿನ ಸೀಟಿನಲ್ಲಿ ರವೆ ಉಂಡಿಯ ಡಬ್ಬಿ, ಕೊಬ್ಬರಿ ಬೆಲ್ಲ. ಅವುಗಳ ನಡುವೆ ನನ್ನ ಲ್ಯಾಪ್‌ಟಾಪು. ಅದನ್ನು ನೋಡಿ ವೀಣಾ ಸೀಟಿನ ಬೆಲ್ಟನ್ನು ಟಪ್ಪೆಂದು ಹಾಕಿಕೊಂಡಳು. ಅವಳು ಬೆಳಗಾವಿಯವಳು, ಬೆಲ್ಟಿನ ಸದ್ದಿನಲ್ಲೇ ಎಷ್ಟು ಅಂದಿದ್ದಾಳೆ ಎಂಬುದು ನನಗೆ ಅರ್ಥವಾಗುತ್ತದೆ.

ಫೋಂಡಾ ದಾಟುವವರೆಗೆ ನಾನು ಒಳ್ಳೆಯ ಮನುಷ್ಯನಾಗಿಯೇ ಇದ್ದೆ. ಆಮೇಲೆ ಒಂದು ವಿಚಾರ ತಲೆಯೊಳಗೆ ಹೊಕ್ಕಿತು. ಧಾರಬಾಂದೋಡದ ಆಚೆಗೆ ಕಾಡು ದಟ್ಟವಾದಂತೆ ನನ್ನ ಫೋನಿನ ಸಿಗ್ನಲ್ ಸೊರಗುತ್ತದೆ. ತಂಗಿಯ ಮನೆಯಲ್ಲಂತೂ ಅದು ಹಿತ್ತಲ ಬಾವಿಕಟ್ಟೆಯ ಮೇಲೆ ನಿಂತು ಕೈ ಎತ್ತಿದವರಿಗೆ ಮಾತ್ರ ಒಲಿಯುವ ದೇವರು. ಅಂದರೆ ಇನ್ನು ಸಂಜೆಯವರೆಗೆ ಚುಕ್ಕೆಗಳ ಸುದ್ದಿ ಇಲ್ಲ. ಹಬ್ಬಕ್ಕೆ ಹೊರಟವರು ಬೀಗ ಹಾಕಿದೆವೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಒದ್ದಾಡುವುದಿಲ್ಲವೆ, ಅದೇ ಒದ್ದಾಟ. ತಿಸ್ಕದ ಹತ್ತಿರ ಒಂದು ಚಹಾದ ಅಂಗಡಿ ಕಂಡಿತು. ಒಂದು ಚಹಾ ಕುಡಿದು ಹೋಗೋಣ ಎಂದೆ. ಚಹಾ ವೀಣಾಳಿಗೆ, ಲ್ಯಾಪ್‌ಟಾಪು ನನಗೆ.

ಅಂಗಡಿಯ ಬೆಂಚಿನ ಮೇಲೆ, ಭಾಜಿ-ಪಾವಿನ ತಟ್ಟೆಗಳ ನಡುವೆ ಅದನ್ನು ತೆರೆದೆ. ನಕ್ಷೆ ಮೂಡಿತು. ಹಸಿರು, ಹಸಿರು, ಹಸಿರು, ಒಂದು ಹಳದಿ. ನೋಡಿದಿರಾ, ನಾನು ಹೇಳಲಿಲ್ಲವೆ ಎಂದು ಒಂಥರಾ ಖುಷಿಯಾಯಿತು. ಅಷ್ಟರಲ್ಲಿ ಸಾಧನ ಬರೆಯಿತು: ಒಂದು ಕಂಟೇನರು ಮೆಮೊರಿ ಸಾಲದೆ ನಿಂತಿತ್ತು, ಬದಲಿಯನ್ನು ಎಬ್ಬಿಸಿದ್ದೇನೆ, ನೀವು ಏನೂ ಮಾಡಬೇಕಾಗಿಲ್ಲ. ಹಳದಿ ಹಸಿರಾಯಿತು. ಬುದ್ಧಿ ಇದ್ದವನಾದರೆ ಅಲ್ಲಿಗೆ ಮುಚ್ಚಳ ಹಾಕಿ ಏಳುತ್ತಿದ್ದ. ನಾನು ಅದು ಮತ್ತೆ ಹಳದಿಯಾಗುತ್ತದೇನೋ ಎಂದು ನೋಡುತ್ತ ಕೂತೆ.

ನಾಡಿಯ ಗೆರೆ ಏರುವುದು, ಇಳಿಯುವುದು. ನನ್ನ ಬೆನ್ನ ಹಿಂದೆ ನಿಧಾನಕ್ಕೆ ಮೂರ್ನಾಲ್ಕು ಜನ ಜಮಾಯಿಸಿದರು. ಒಬ್ಬ ಲಾರಿ ಡ್ರೈವರು, ನಮ್ಮ ವಿಜಯಪುರದ ಕಡೆಯವನು, ಬಗ್ಗಿ ನೋಡಿ, "ಸ್ಕೋರ್ ಎಷ್ಟಾತ್ರಿ ಸರ?" ಎಂದು ಕೇಳಿದ. ಸ್ಕೋರಲ್ಲಪ್ಪ, ಕೆಲಸ ಎಂದೆ. ಅವನು ಇನ್ನೂ ಸ್ವಲ್ಪ ಹೊತ್ತು ಗೌರವದಿಂದ ನೋಡಿ, "ಏನೂ ಆಗವಲ್ದಲ್ರಿ" ಎಂದು ಬೇಸರದಿಂದ ಹೊರಟುಹೋದ. ಅವನ ಜೊತೆಗೆ ಉಳಿದವರೂ ಕರಗಿದರು. ಕಾರಿನೊಳಗಿಂದ ವೀಣಾ ಎರಡು ಸಲ ಹಾರ್ನ್ ಹೊಡೆದಳು. ಒಂದೇ ನಿಮಿಷ ಎಂದು ಬೆರಳು ತೋರಿಸಿದೆ. ಪ್ರಪಂಚದಲ್ಲಿ ಒಂದೇ ನಿಮಿಷ ಎಂದವರಾರೂ ಗಡಿಯಾರ ನೋಡಿ ಹೇಳಿದ್ದಲ್ಲ.

ನಮ್ಮಲ್ಲಿ ಒಂದು ಗಾದೆಯಿದೆ, ಇರಲಾರದೆ ಇರುವೆ ಬಿಟ್ಟುಕೊಂಡ ಅಂತ. ಬಿಟ್ಟುಕೊಂಡವನ ಕಥೆ ಮುಂದೇನಾಯಿತೆಂದು ಗಾದೆ ಹೇಳುವುದಿಲ್ಲ, ಆದರೆ ನಾನು ಹೇಳಬಲ್ಲೆ. ಇನ್ನೊಂದು ಚುಕ್ಕೆ ಹಳದಿಯಾಯಿತು. ಈ ಸಲ ಸಾಧನಕ್ಕಿಂತ ಮುಂಚೆ ನಾನೇ ಸರಿಮಾಡುತ್ತೇನೆ ಎಂಬ ಹಟ ಹುಟ್ಟಿತು. ಯಾರಿಗೂ ಬೇಡದ ಆ ಬಟನ್ನನ್ನು ಒತ್ತಿದೆ. ಸಾಧನ ವಿನಯದಿಂದ ಕೈಕಟ್ಟಿ ನಿಂತಿತು. ನಾನು ಹೊಸ ಕಂಟೇನರನ್ನು ಎಬ್ಬಿಸಲು ಆಜ್ಞೆ ಕೊಟ್ಟೆ. ತಿಸ್ಕದ ಸಿಗ್ನಲ್ ಅದೇ ಹೊತ್ತಿಗೆ ನೆಲಕಚ್ಚಿತು. ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗಿತು. ಯಂತ್ರವನ್ನು ಸುಮ್ಮನಿರು ಎಂದು ಕೂರಿಸಿದವನು ನಾನು. ನಾನು ಹೇಳಿದ್ದು ಅಲ್ಲಿಗೆ ಮುಟ್ಟುತ್ತಿಲ್ಲ. ಹಳದಿ ಹಳದಿಯಾಗಿಯೇ ಉಳಿಯಿತು. ಎದ್ದು ನಿಂತೆ, ಲ್ಯಾಪ್‌ಟಾಪು ಎತ್ತಿಕೊಂಡು ರಸ್ತೆಯ ಆಚೆ ಹೋದೆ, ಈಚೆ ಬಂದೆ. ಅದಿರಿನ ಲಾರಿಗಳ ಧೂಳು ಮೈಮೇಲೆ ಬಿತ್ತು. ವೀಣಾ ಇಳಿದು ಬಂದು, "ಹೂವು ಬಾಡಾಕತ್ತಾವ್ರಿ. ಗಿರಿಜಾ ಹಾದಿ ನೋಡ್ತಿರ್ತಾಳ" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಾಗಿತ್ತು. ನನಗೂ ಅಂಜಿಕೆಯಾಯಿತು, ಆದರೆ ಕೈ ಬಿಡಲಾಗಲಿಲ್ಲ. ಕಟ್ಟಿದ ಗಂಟನ್ನು ನಾನೇ ಬಿಚ್ಚಬೇಕಲ್ಲ.

ಕೊನೆಗೆ ಸಿಗ್ನಲ್ ಒಂದಿಷ್ಟು ಮರಳಿದಾಗ ಸಾವಿಯೊನದೇ ಫೋನು ಬಂತು. ದುರಸ್ತಿ ತಡೆದವರು ಯಾರೆಂದು ಸಾಧನ ಅವನಿಗೆ ಹೆಸರು ಸಮೇತ ತಿಳಿಸಿತ್ತು. ಅದೂ ಹೊಸ ಸೌಲಭ್ಯವೇ. "ತೂಂ ರಜೆರ್ ಮೂ ರೇ?" ಎಂದು ಕೊಂಕಣಿಯಲ್ಲಿ ಕೇಳಿದ. ರಜೆಯಲ್ಲೇ ಇದ್ದೇನೆ ಎಂದೆ. "ಹಾತ್ ಕಾಡ್" ಎಂದ. ಕೈ ತೆಗೆದೆ. ಅವನು ಅಲ್ಲಿಂದ ಒಂದು ಬಟನ್ ಒತ್ತಿದ, ಎಲ್ಲ ಹಿಂದಿನಂತಾಯಿತು. ಗಿರಾಕಿಗಳಿಗೆ ಏನಾದರೂ ತೊಂದರೆಯಾಯಿತೇ ಎಂದು ಕೇಳಿದೆ. ಅಂಥದೇ ಉಳಿದ ಕಂಟೇನರುಗಳು ಕೆಲಸ ನಡೆಸಿಕೊಂಡು ಹೋಗಿದ್ದವಂತೆ, ಯಾರಿಗೂ ಏನೂ ಗೊತ್ತೇ ಆಗಿಲ್ಲವಂತೆ. ಅವನು ಅದನ್ನು ಸಮಾಧಾನಕ್ಕೆಂದು ಹೇಳಿದ್ದು. ನನಗೆ ಚುಚ್ಚಿತು.

ಉಳಿದ ದಾರಿಯಲ್ಲಿ ಕಾರು ಎಷ್ಟು ಜೋರಾಗಿ ಓಡಿಸಿದರೂ ಎದುರಿನ ಲಾರಿಗಳು ತಮ್ಮ ನಡಿಗೆ ಬಿಡಲಿಲ್ಲ. ಮೊಲೆಂ ಮುಟ್ಟಿದಾಗ ರಾಹುಕಾಲ ಶುರುವಾಗಿಹೋಗಿತ್ತು. ಖಾನಾವಳಿಗೆ ಅಂದು ರಜೆ. ಒಳಗೆ ಮೇಜುಗಳನ್ನು ಸರಿಸಿ ಮಣೆ ಹಾಕಿ, ರಂಗೋಲಿ ಬರೆದು, ಅಕ್ಕಪಕ್ಕದ ಹೆಣ್ಣುಮಕ್ಕಳು ಕೂತಿದ್ದರು. ಮಣೆ ಖಾಲಿಯಿತ್ತು. ಬಸವರಾಜ ಬಾಗಿಲಲ್ಲಿ ನಿಂತವನು ನನ್ನ ಮುಖ ನೋಡದೆ ಡಬ್ಬಿ ಇಳಿಸಿಕೊಂಡ. ಗಿರಿಜಾಳ ಅತ್ತೆ ಗಂಗವ್ವ ಕಾಲಿಗೆ ನೀರು ಕೊಟ್ಟು, ಬೀಗರಿಗೆ ಆಡಬೇಕಾದಷ್ಟೇ ಮೆತ್ತಗೆ ಮಾತಾಡಿದರು.

"ನಾವೂ ಭಾಳ ಹೊತ್ತು ಹಾದಿ ನೋಡಿದ್ವಿರಿ. ಫೋನ್ ಹತ್ತವಲ್ದು. ಕಡೀಕ ಬಾಜೂ ಮನಿ ಸಾವಿತ್ರವ್ವನ್ನ ತವರ ಮನಿಯಾಕಿ ಅಂತ ನಿಲ್ಲಿಸಿ, ನನ್ನ ಟ್ರಂಕಿನ್ಯಾಗಿನ ಹೊಸಾ ಕುಬಸ ತಗದು ಕೊಟ್ಟೆ. ಹಂಗೂ ಮಾಡತಾರ, ತಪ್ಪೇನಿಲ್ಲ. ಆದ್ರ ನಿಮ್ಮ ತಂಗಿ ಒಪ್ಪಬೇಕಲ್ರಿ? ಅಣ್ಣ ಬರ್ತಾನ, ಅಲ್ಲೀತನಕ ನಾ ಕುಂಡ್ರಂಗಿಲ್ಲ ಅಂತ ಹಿಂದ ಹೋಗಿ ಕುಂತಾಳ. ಇನ್ನ ರಾಹುಕಾಲ ಇಳಿದ ಮ್ಯಾಲೇ ಆತು."

ಬದಲಿ ತಯಾರಿತ್ತು. ಯಾರಿಗೂ ತೊಂದರೆಯಾಗದಂತೆ ಕೆಲಸ ಮುಗಿದುಹೋಗುತ್ತಿತ್ತು. ದುರಸ್ತಿ ತಡೆಯುವ ಬಟನ್ ಒತ್ತಿದವರು ಆ ದಿನ ನಾನೊಬ್ಬನೇ ಅಲ್ಲ ಎಂದು ನನಗೆ ಆಗ ಹೊಳೆಯಿತು. ನಗು ಬರಬೇಕಾಗಿತ್ತು. ನಗದೆ ಹಿತ್ತಲಿನ ಕಡೆ ನಡೆದೆ.

ಗಿರಿಜಾ ಹಿತ್ತಲ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಇನ್ನೂ ಹೂವಿಲ್ಲದ ಜಡೆ, ಊದಿಕೊಂಡ ಪಾದಗಳು. ನನ್ನನ್ನು ನೋಡಿ ಏಳಲು ಹೋದವಳು ಏಳಲಾಗದೆ ಅಲ್ಲೇ ಕೂತಳು. ನಾನು ಪಕ್ಕದಲ್ಲಿ ಕೂತೆ. ತಪ್ಪಾಯಿತವ್ವ ಎಂದೆ.

"ಏನಾಗಿತ್ತು ಆಫೀಸಿನ್ಯಾಗ?" ಎಂದು ಕೇಳಿದಳು.

ಸುಳ್ಳು ಹೇಳಬಹುದಾಗಿತ್ತು. ದೊಡ್ಡ ಅನಾಹುತ, ಇಡೀ ಪಣಜಿಯ ಹೋಟೆಲುಗಳು ನಿಂತುಹೋಗಿದ್ದವು ಎಂದಿದ್ದರೆ ಅವಳು ನಂಬುತ್ತಿದ್ದಳು, ಪಾಪ, ಹೆಮ್ಮೆಯನ್ನೂ ಪಡುತ್ತಿದ್ದಳು. "ಏನೂ ಆಗಿರಲಿಲ್ಲ" ಎಂದೆ.

"ಏನೂ ಆಗಲಾರದ್ದನ್ನ ನೋಡಾಕ ಇಷ್ಟ ಹೊತ್ತ ಬೇಕಾತೇನಣ್ಣಾ?" ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು.

ಇನ್ನು ರಾಹುಕಾಲ ಮುಗಿಯುವವರೆಗೆ ಮಾಡುವಂಥದ್ದೇನಿಲ್ಲ. ಹಿರಿಯರು ಈ ರಾಹುಕಾಲವನ್ನು ಯಾಕೆ ಮಾಡಿಟ್ಟರೋ ಎಂದು ಹಿಂದೆ ವಾದ ಮಾಡುತ್ತಿದ್ದೆ. ಗ್ರಹದ ಮಾತು ನನಗೆ ತಿಳಿಯದು. ಆದರೆ ದಿನಕ್ಕೊಂದು ಹೊತ್ತು ಯಾವುದನ್ನೂ ಶುರು ಮಾಡಬೇಡ, ಯಾವುದಕ್ಕೂ ಕೈ ಹಾಕಬೇಡ ಎಂದು ಹೇಳಬೇಕಾದರೆ ನನ್ನಂಥವರು ಆ ಕಾಲದಲ್ಲೂ ಬಹಳ ಜನ ಇದ್ದಿರಬೇಕು. ಬಾವಿಕಟ್ಟೆ ನಾಲ್ಕು ಹೆಜ್ಜೆಯಾಚೆಗೇ ಇತ್ತು. ಅದರ ಮೇಲೆ ನಿಂತು ಕೈ ಎತ್ತಿದರೆ ಸಿಗ್ನಲ್ ಸಿಗುತ್ತದೆ ಎಂಬುದು ನನಗೆ ಗೊತ್ತಿತ್ತು. ಕಾಲು ಆ ಕಡೆಗೆ ಎಳೆಯುತ್ತಲೂ ಇತ್ತು. ಸಾವಿಯೊ ಸರಿಯಾಗಿ ನೋಡುತ್ತಿದ್ದಾನೋ, ಊಟಕ್ಕೆ ಹೋದನೋ? ಗಿರಿಜಾ ಏನೋ ಹೇಳುತ್ತಿದ್ದಳು. ಕೂಸು ಹಾಡು ಕೇಳಿದರೆ ಒದೆಯುತ್ತದಂತೆ, ಲಾರಿಯ ಹಾರ್ನಿಗೆ ಸುಮ್ಮನಾಗುತ್ತದಂತೆ, ಅತ್ತೆ ನಸುಕಿನಲ್ಲೇ ಎದ್ದು ಕಡಬು ಮಾಡಿದ್ದಾರಂತೆ. ಹೇಳುತ್ತ ಹೇಳುತ್ತ ಅವಳ ಮಾತು ಸಣ್ಣದಾಯಿತು. ಬೆಳಗಿನಿಂದ ದಣಿದಿದ್ದಳು. ನೋಡನೋಡುತ್ತಿದ್ದಂತೆ ತಲೆ ನನ್ನ ಭುಜದ ಮೇಲೆ ಬಿತ್ತು, ನಿದ್ದೆ ಹತ್ತಿತು.

ಏಳುವ ದಾರಿ ಮುಚ್ಚಿತು. ಮೊದಮೊದಲು ಭಾಳ ಕಷ್ಟವಾಯಿತು. ಭುಜ ನೋಯಿತು, ಕಾಲು ಜೋಮು ಹಿಡಿಯಿತು, ಜೇಬಿನಲ್ಲಿದ್ದ ಫೋನು ಒತ್ತಿತು. ಆಮೇಲೆ ಅವಳ ಉಸಿರು ಕೇಳಿಸತೊಡಗಿತು. ಏರುವುದು, ಇಳಿಯುವುದು. ಒಂದು ಸಲ ಅವಳ ಹೊಟ್ಟೆಯ ಮೇಲಿನ ಸೆರಗು ಒಳಗಿನಿಂದ ಯಾರೋ ತಟ್ಟಿದಂತೆ ಸಣ್ಣಗೆ ಮೇಲೆದ್ದು ಕೆಳಗಿಳಿಯಿತು. ಅವಳಿಗೆ ಎಚ್ಚರವಾಗಲಿಲ್ಲ. ನಾನು ಮತ್ತೆ ಯಾವಾಗ ಏಳುತ್ತದೋ ಎಂದು ನೋಡುತ್ತ ಕೂತೆ. ಎಷ್ಟು ಹೊತ್ತೋ ತಿಳಿಯದು.

ಒಳಗಿನಿಂದ ವೀಣಾ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. "ರಾಹುಕಾಲ ಇಳೀತ್ರಿ. ಎಲ್ಲಾರೂ ಕಾಯಾಕತ್ತಾರ, ಎಬ್ಬಸ್ರಿ" ಎಂದಳು. ನಾನು ಭುಜ ಅಲುಗಾಡದಂತೆ ಇನ್ನೊಂದು ಕೈಯನ್ನು ಮೆಲ್ಲಗೆ ಎತ್ತಿ, ಇರಲಿ, ಇನ್ನೂ ಸ್ವಲ್ಪ ಮಲಗಲಿ ಎಂದು ಸನ್ನೆ ಮಾಡಿದೆ.